ನಲವತ್ತು ನಿಮಿಷ ಮಿಸುಕದ ಎಂಜಿನ್

"ಸಹಿ ಹಾಕಲ್ಲ."

ಪಾನಕ್ಕ ಎಂಜಿನ್ ಕೋಣೆಯಿಂದ ತಲೆ ಎತ್ತದೆಯೇ ಹೇಳಿದಳು. ಮೇಲೆ, ಚೌಕಟ್ಟಿನ ಅಂಚಿನಲ್ಲಿ ಬೋಟ್ ಕಂಪನಿಯ ಮ್ಯಾನೇಜರ್ ಕುಕ್ಕರಗಾಲಿನಲ್ಲಿ ಕೂತು ಕಾಗದ ಚಾಚಿದ್ದರು. ಇಸ್ತ್ರಿ ಮಾಡಿದ ಪ್ಯಾಂಟಿಗೆ ಗ್ರೀಸು ತಾಗದಂತೆ ಇನ್ನೊಂದು ಕೈಯಲ್ಲಿ ಅದನ್ನು ಮೊಣಕಾಲಿನ ಹತ್ತಿರ ಎತ್ತಿ ಹಿಡಿದುಕೊಂಡಿದ್ದರು.

"ಓದಿಯಾದ್ರೂ ನೋಡಮ್ಮ."

"ಓದಿದೀನಿ ಸಾರ್. 'ನನ್ನ ಅಸಡ್ಡೆಯಿಂದ ಬ್ಯಾಟರಿ ಇಳಿದುಹೋಗಿ ಎಂಜಿನ್ ಸ್ಟಾರ್ಟ್ ಆಗಲಿಲ್ಲ' ಅಂತಿದೆ. ಅಸಡ್ಡೆ ಅನ್ನೋ ಪದದಲ್ಲೇ ಒಂದು ಒತ್ತು ಬಿಟ್ಟುಹೋಗಿದೆ. ಅಷ್ಟು ಅಸಡ್ಡೆ ನನಗಿಲ್ಲ."

ಮ್ಯಾನೇಜರ್ ನಗಲಿಲ್ಲ. ಮಂಗಳವಾರ ಇದೇ ಬೋಟು ನಲವತ್ತು ನಿಮಿಷ ಜೆಟ್ಟಿ ಬಿಟ್ಟು ಕದಲದೆ, ದ್ವೀಪದ ಆಸ್ಪತ್ರೆಯ ಕಾಂಪೌಂಡರು, ಎಲ್ಲರೂ ಗುಳಿಗೆ ಮಾಮ ಎಂದು ಕರೆಯುತ್ತಿದ್ದ ಮನುಷ್ಯ, ಇದರ ಬೆಂಚಿನ ಮೇಲೆಯೇ ಪ್ರಾಣ ಬಿಟ್ಟಿದ್ದರು. ಇವತ್ತು ಶುಕ್ರವಾರ. ಬೋಟಿಗೆ ಕಂಪನಿ ಹಾಕಿದ್ದ ಸೀಲನ್ನು ಈಗಷ್ಟೇ ಕಿತ್ತಿದ್ದರು.

"ಹನ್ನೆರಡಕ್ಕೆ ಇದನ್ನ ಎಳ್ಕೊಂಡು ಹೋಗೋಕೆ ಬೇರೆ ಬೋಟ್ ಬರುತ್ತೆ. ಇದು ಗುಜರಿಗೆ. ಅಷ್ಟರೊಳಗೆ ಸಹಿ ಬೇಕು. ಸುಮ್ನೆ ಹಟ ಮಾಡಿ ಕೆಲಸ ಕಳ್ಕೋಬೇಡ."

"ಕೆಲಸ ಹೋದ್ರೆ ಹೋಗ್ಲಿ ಸಾರ್. ಮಾಮನ ಸಾವನ್ನ ಮಾತ್ರ ನನ್ನ ತಲೆ ಮೇಲೆ ಗೂಬೆ ಥರ ಕೂರಿಸ್ಬೇಡಿ. ಎಂಜಿನ್ ಯಾಕೆ ಏಳ್ಲಿಲ್ಲ ಅಂತ ಅದನ್ನೇ ಕೇಳೋಣ. ಎಲ್ಲರ ಮುಂದೆ."

ಪಾನಾ, ಅಂದರೆ ಸ್ಪ್ಯಾನರು, ಹಿಡಿಯುವ ಅಕ್ಕ ಪಾನಕ್ಕ. ಹದಿನೆಂಟು ವರ್ಷಗಳಿಂದ ದ್ವೀಪದ ಎಲ್ಲ ಎಂಜಿನ್‌ಗಳೂ ಅವಳ ಕೈಯಲ್ಲೇ ಬಿಚ್ಚಿ, ಅವಳ ಕೈಯಲ್ಲೇ ಸೇರಿದ್ದವು. ಮಂಗಳವಾರ ಬೆಳಿಗ್ಗೆ ಏಳರ ಟ್ರಿಪ್ಪಿನಲ್ಲಿ ಅವಳು ಪಂಪಿನ ಬಿಡಿಭಾಗ ತರಲು ಆಚೆ ದಡಕ್ಕೆ ಹೋಗಿದ್ದಳು. ಮೀನಿನ ದೋಣಿ ಹತ್ತಿ ಸಂಜೆ ವಾಪಸು ಬಂದಾಗ ಎಲ್ಲ ಮುಗಿದಿತ್ತು.

"ಮಾಡ್ಲಿ ಬಿಡಿ ಮ್ಯಾನೇಜರೇ," ಎಂದರು ಆಚೆ ದಡದಿಂದ ಬಂದಿದ್ದ ಪೊಲೀಸ್ ಇನ್ಸ್‌ಪೆಕ್ಟರ್.

ಅವರು ಹಿಂದಿನ ಬೆಂಚಿನಲ್ಲಿ ಕಂಬಿ ಹಿಡಿದು ಕೂತಿದ್ದರು. ಕಟ್ಟಿ ಹಾಕಿದ ಬೋಟಿನಲ್ಲೂ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಅವರ ಜೇಬಿನಲ್ಲಿ ಗುಳಿಗೆ ಮಾಮ ಬರೆದ ಒಂದು ಪತ್ರವಿತ್ತು: 'ಬುಧವಾರ ನಿಮ್ಮ ಕಚೇರಿಗೆ ಬರುತ್ತೇನೆ. ಆಸ್ಪತ್ರೆಯ ವಿಷಯ. ಫೋನಿನಲ್ಲಿ ಬೇಡ.' ಪತ್ರ ಕಚೇರಿಯ ಮೇಲಿನ ಸಾಹೇಬರ ಮೇಜು ಹಾದು ಅವರ ಕೈಗೆ ಸಿಕ್ಕಿದ್ದು ಮಂಗಳವಾರ ಸಂಜೆ. ಆ ಹೊತ್ತಿಗೆ ಬರೆದವರೇ ಇರಲಿಲ್ಲ. ಡಾಕ್ಟರು ಹೃದಯಾಘಾತ ಎಂದು ಬರೆದಿದ್ದರು. ಬೋಟು ಹೊರಡದೇ ಇದ್ದುದಕ್ಕೆ ಮೆಕ್ಯಾನಿಕ್‌ನ ಅಸಡ್ಡೆ ಎಂದು ಬರೆದುಬಿಟ್ಟರೆ ಕಡತ ಅಲ್ಲಿಗೆ ಮುಚ್ಚುತ್ತಿತ್ತು. ಎರಡೂ ಅಷ್ಟು ಚೆನ್ನಾಗಿ ಹೊಂದಿಕೊಂಡದ್ದೇ ಇನ್ಸ್‌ಪೆಕ್ಟರಿಗೆ ಸರಿಬಂದಿರಲಿಲ್ಲ.

"ರೀ, ಕೀ ತಿರುಗಿಸಿ ಬಟನ್ ಒತ್ತಿ!" ಪಾನಕ್ಕ ಕೂಗಿದಳು.

ಮುಂದೆ ಚಕ್ರದ ಹತ್ತಿರ ನಿಂತಿದ್ದ ಚಾಲಕ, ಅವಳ ಗಂಡ, ಬಟನ್ ಒತ್ತಿದ.

ಟಿಕ್.

ಅಷ್ಟೇ. ಮತ್ತೆ ಎಲ್ಲ ನಿಶ್ಶಬ್ದ. ಆ ಸದ್ದಿಗೆ ಚಾಲಕನ ಭುಜ ಸಣ್ಣಗೆ ನಡುಗಿದ್ದನ್ನು ಇನ್ಸ್‌ಪೆಕ್ಟರ್ ಗಮನಿಸಿದರು. ಮಂಗಳವಾರ ಅದೇ ಸದ್ದನ್ನು ಅವನು ನಲವತ್ತು ನಿಮಿಷ ಕೇಳಿದ್ದ.

"ಇನ್ಸ್‌ಪೆಕ್ಟ್ರೇ, ಕೆಳಗೆ ಬನ್ನಿ. ಮೇಲೆ ಕೂತ್ರೆ ನಿಮ್ಮ ಹೊಟ್ಟೆ ಇನ್ನೂ ತಿರುಗುತ್ತೆ. ಇಲ್ಲಿ ನೋಡೋಕೆ ಏನಾದ್ರೂ ಇದೆ."

ಅವರು ಏಣಿ ಇಳಿದರು. ಮೊಣಕಾಲೂರಿದರೆ ತಲೆ ಛಾವಣಿಗೆ ತಾಗುವಷ್ಟು ಚಿಕ್ಕ ಕೋಣೆ. ನಡುವೆ ಹಸಿರು ಬಣ್ಣದ ಎಂಜಿನ್, ಗೋಡೆಯ ಪಕ್ಕ ಮರದ ಪೆಟ್ಟಿಗೆಯಲ್ಲಿ ಬ್ಯಾಟರಿ, ಎಲ್ಲ ಕಡೆ ಡೀಸೆಲ್ ವಾಸನೆ.

"ಅನುಮಾನ ಪಡೋಕೆ ನಾಲ್ಕು ಜನ ಇದಾರೆ," ಪಾನಕ್ಕ ಬೆರಳು ಮಡಚಿದಳು. "ಬ್ಯಾಟರಿ. ಸ್ಟಾರ್ಟರ್ ಮೋಟರು. ಎಂಜಿನ್ನೇ ಒಳಗೆ ಜಾಮ್ ಆಗಿರಬಹುದು. ಇಲ್ಲಾಂದ್ರೆ ನಡುವಿನ ವೈರು. ಒಬ್ಬೊಬ್ಬರನ್ನೇ ಕರೆದು ಕೇಳೋದು."

"ನಮ್ಮ ಠಾಣೇಲೂ ಹೀಗೇ. ಆದ್ರೆ ನಮ್ಮೋರು ಸುಳ್ಳು ಹೇಳ್ತಾರೆ."

"ಇವರು ಹೇಳಲ್ಲ. ಅದಕ್ಕೇ ಮನುಷ್ಯರಿಗಿಂತ ಇವರ ಜೊತೆ ನನಗೆ ಸಲೀಸು."

ಅವಳು ಉದ್ದನೆಯ ಕಬ್ಬಿಣದ ಹಿಡಿ ಸಿಕ್ಕಿಸಿ ಎಂಜಿನ್ನಿನ ಮುಂದಿನ ಗಾಲಿಯನ್ನು ತಿರುಗಿಸಿದಳು. ಅದು ನಿಧಾನವಾಗಿ, ಉಸ್ಸೆಂದು ಉಸಿರು ಬಿಟ್ಟುಕೊಂಡು ತಿರುಗಿತು. ಜಾಮ್ ಇಲ್ಲ. ಒಂದು ಬೆರಳು ಬಿಚ್ಚಿಕೊಂಡಿತು.

ಆಮೇಲೆ ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಹಿಡಿದಳು. ಹನ್ನೆರಡೂವರೆ ವೋಲ್ಟಿಗಿಂತ ಸ್ವಲ್ಪ ಮೇಲೆ.

"ತುಂಬಿದೆ," ಎಂದು ಅವಳು ಮೇಲಕ್ಕೆ ಕೇಳಿಸುವಂತೆ ಹೇಳಿದಳು. "ಮ್ಯಾನೇಜರ್ ಸಾರ್, ನಿಮ್ಮ ಕಾಗದದಲ್ಲಿ ಇಳಿದುಹೋದ ಬ್ಯಾಟರಿ ಇಲ್ಲಿ ತುಂಬಿ ಕೂತಿದೆ."

"ಯಾರೋ ಚಾರ್ಜ್ ಮಾಡಿರಬಹುದು."

"ಸೀಲ್ ಹಾಕಿದ್ದು ನೀವು. ಕಿತ್ತಿದ್ದೂ ನೀವೇ, ಅರ್ಧ ಗಂಟೆ ಹಿಂದೆ."

ಪಾನಕ್ಕ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಇನ್ನೊಂದು ವಿಷಯ ಇದೆ. ನಲವತ್ತು ನಿಮಿಷ ಬಟನ್ ಒತ್ತಿದಾರೆ. ಸ್ಟಾರ್ಟರ್ ಅನ್ನೋದು ಬ್ಯಾಟರಿಯನ್ನ ಹೀರಿ ಹಾಕೋ ರಾಕ್ಷಸ. ಅಷ್ಟಾದ್ರೂ ಇದು ಇಳಿದಿಲ್ಲ ಅಂದ್ರೇನು?"

ಇನ್ಸ್‌ಪೆಕ್ಟರ್ ಯೋಚಿಸಿದರು. "ಕರೆಂಟು ಹೊರಗೇ ಹೋಗಿಲ್ಲ."

"ಪಾಸಾದ್ರಿ. ಹೋಗಿಲ್ಲ, ಅಥವಾ ಹೋದದ್ದು ವಾಪಸ್ ಬರೋಕೆ ದಾರಿ ಇಲ್ಲ. ಕರೆಂಟಿಗೆ ಹೋಗೋ ದಾರಿ ಎಷ್ಟು ಮುಖ್ಯವೋ ಬರೋ ದಾರೀನೂ ಅಷ್ಟೇ."

ಅವಳು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿದಳು. ಇವೆರಡನ್ನೂ ಹೆಬ್ಬೆರಳು ದಪ್ಪದ ಕಪ್ಪು ಅರ್ತ್ ವೈರು ಜೋಡಿಸುತ್ತಿತ್ತು. "ಇಲ್ಲಿ ಸೊನ್ನೆ ಬರಬೇಕು. ಹೆಚ್ಚೂಕಡಿಮೆ ಸೊನ್ನೆ. ರೀ, ಒತ್ತಿ!"

ಟಿಕ್.

ಮುಳ್ಳು ಹನ್ನೊಂದಕ್ಕೆ ಹಾರಿತು.

ಕರೆಂಟು ವಾಪಸ್ ಬರುವ ದಾರಿ ಕಡಿದಿದ್ದು ಇಲ್ಲೇ ಎಂದು ಪಾನಕ್ಕನಿಗೆ ಗೊತ್ತಾಯಿತು. ಮೂರು ದಿನದಿಂದ ಎದೆಯ ಮೇಲಿದ್ದ ಕಲ್ಲೊಂದು ಉರುಳಿ ಬಿದ್ದಂತಾಯಿತು. ಊಟಕ್ಕೆ ಕೂತಾಗ, ಬಟ್ಟೆ ಹಿಂಡುವಾಗ, ಒಂದೇ ಪ್ರಶ್ನೆ ಅವಳನ್ನು ತಿಂದಿತ್ತು: ನಾನೇನಾದರೂ ಮರೆತಿದ್ದೆನೇ?

"ಇದು ಸವೆದು ಹಾಳಾದದ್ದಲ್ಲ," ಎಂದಳು. "ಕಳೆದ ಭಾನುವಾರ ಈ ಬೋಲ್ಟನ್ನ ನಾನೇ ಬಿಗಿ ಮಾಡಿದೀನಿ. ಮಂಗಳವಾರ ಏಳಕ್ಕೆ ಹೊರಟ ಬೋಟು ಒಂಬತ್ತಕ್ಕೆ ವಾಪಸ್ ಬಂದಿದೆ, ಏನೂ ತೊಂದರೆ ಇಲ್ಲ. ಹನ್ನೊಂದೂವರೆಗೆ ಏಳ್ಲಿಲ್ಲ. ಅಂದ್ರೆ ನಡುವಿನ ಎರಡೂವರೆ ಗಂಟೇಲಿ ಯಾರೋ ಇಲ್ಲಿ ಇಳಿದಿದಾರೆ."

ಇನ್ಸ್‌ಪೆಕ್ಟರಿಗೆ ಹೊಟ್ಟೆಯ ಸಂಕಟ ಮರೆತುಹೋಯಿತು. "ಬಿಚ್ಚಿ."

ಹದಿನೇಳರ ಪಾನಾ ಹಾಕಿ ಅವಳು ಬೋಲ್ಟು ಸಡಿಲಿಸಿದಳು. ಹೊರಗಿನಿಂದ ನೋಡಿದರೆ ಎಲ್ಲ ಥಳಥಳ. ವೈರಿನ ತುದಿಯ ತಾಮ್ರದ ಬಳೆಯನ್ನು ಎತ್ತಿದಾಗ ಅದರಡಿಯಿಂದ ತೆಳುವಾದ ಕಪ್ಪು ಬಿಲ್ಲೆಯೊಂದು ಅವಳ ಅಂಗೈಗೆ ಬಿತ್ತು. ಬೋಲ್ಟಿನ ತಲೆಯಡಿಯೂ ಅಂಥದೇ ಇನ್ನೊಂದು. ಬೋಲ್ಟಿನ ಸೊಂಟಕ್ಕೆ ಬಿಳಿ ಪಟ್ಟಿ ಸುತ್ತಿತ್ತು.

ಇನ್ಸ್‌ಪೆಕ್ಟರ್ ಟಾರ್ಚಿಗಾಗಿ ಆ ಕಡೆ ತಿರುಗಿದ್ದರು. ಪಾನಕ್ಕ ಮೊದಲ ಬಿಲ್ಲೆಯನ್ನು ಬಾಗಿಲಿನ ಬೆಳಕಿಗೆ ಹಿಡಿದಳು.

ಎಕ್ಸ್‌ರೇ ಫಿಲ್ಮು. ಯಾರೋ ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ವಾಷರ್ ಮಾಡಿದ್ದರು. ತೂತಿನ ಪಕ್ಕದಲ್ಲಿ ಮೂಳೆಯ ಬೂದು ನೆರಳು, ಅದರ ಮೇಲೆ ಮೂರು ಬಿಳಿ ಸ್ಕ್ರೂಗಳು. ನಡುವಿನದು ಓರೆ.

ಅವಳು ಫಿಲ್ಮನ್ನು ಕಣ್ಣಿನ ಹತ್ತಿರ ತಂದಳು.

ಆ ಓರೆ ಸ್ಕ್ರೂ ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಗಂಡ ಜೆಟ್ಟಿಯಲ್ಲಿ ಜಾರಿ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡಾಗ, ಆಪರೇಷನ್ ಆದ ಮೇಲೆ ತೆಗೆದ ಫಿಲ್ಮನ್ನು ಕಿಟಕಿಗೆ ಹಿಡಿದು, "ಯಾವ ಡಾಕ್ಟ್ರಪ್ಪ ಇವನು, ಸ್ಕ್ರೂ ನೆಟ್ಟಗೆ ಹೊಡೆಯೋಕೂ ಬರಲ್ಲ, ನನ್ನ ಗ್ಯಾರೇಜಲ್ಲಾಗಿದ್ರೆ ಬಿಚ್ಚಿಸಿ ಮತ್ತೆ ಹಾಕಿಸ್ತಿದ್ದೆ" ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ.

ಈಗ ಅವನು ತಲೆಯ ಮೇಲೆ, ನಾಲ್ಕು ಹೆಜ್ಜೆ ದೂರದಲ್ಲಿ, ಚಕ್ರ ಹಿಡಿದು ನಿಂತಿದ್ದ.

ಬಿಲ್ಲೆಯನ್ನು ಯಾರೂ ನೋಡಿರಲಿಲ್ಲ. ಮುಷ್ಟಿ ಮಡಚಿದರೆ ಸಾಕು. ಎಂಜಿನ್ನಿನ ಅಡಿಯ ಕಪ್ಪು ಎಣ್ಣೆಯಲ್ಲಿ ಬಿಟ್ಟರೆ ಅದು ಇನ್ನು ಯಾರಿಗೂ ಸಿಗುವುದಿಲ್ಲ. 'ಬೋಲ್ಟು ಸಡಿಲವಾಗಿತ್ತು ಸಾರ್, ನನ್ನದೇ ತಪ್ಪು' ಎಂದು ಆ ಕಾಗದಕ್ಕೆ ಸಹಿ ಹಾಕಿದರೆ ಕೆಲಸ ಹೋಗುತ್ತದೆ, ಗಂಡ ಉಳಿಯುತ್ತಾನೆ.

ಅವಳ ಬೆರಳುಗಳು ಒಂದು ಕ್ಷಣ ಮಡಚಿಕೊಂಡವು ಕೂಡ.

ಆಮೇಲೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಸತ್ಯ ಬೇಕು ಎಂದು ಬೆಳಿಗ್ಗೆಯಿಂದ ಗಂಟಲು ಹರಿದುಕೊಂಡವಳು ತಾನೇ ಅಲ್ಲವೇ? ಗುಳಿಗೆ ಮಾಮ ಇವಳಿಗೆ ಯಾರೂ ಆಗಬೇಕಿರಲಿಲ್ಲ. ಆದರೂ ಹಡಗಿನ ಎಂಜಿನ್ ಕೋಣೆಯಲ್ಲಿ ಹತ್ತು ವರ್ಷ ದುಡಿದು ಬಂದಿದ್ದ ಆ ಮನುಷ್ಯ, ಹುಡುಗಿಯರಿಗೆ ಇದೆಲ್ಲ ಯಾಕೆ ಎಂದು ಉಳಿದವರು ಮೂಗು ಮುರಿದಾಗ, ಇವಳ ಕೈಗೆ ಮೊದಲ ಪಾನಾ ಕೊಟ್ಟಿದ್ದರು.

"ಇನ್ಸ್‌ಪೆಕ್ಟ್ರೇ," ಎಂದು ಕರೆದಳು. ಅಂಗೈ ಚಾಚಿದಳು. "ಇಲ್ಲಿ ನೋಡಿ. ಇದು ನನ್ನ ಗಂಡನ ಕೈ."

ಮೇಲಿನ ಹಲಗೆಯ ಮೇಲೆ ನಾಲ್ವರೂ ಸೇರಿದರು. ಬೆಂಚಿನ ಮೇಲೆ ಹರಡಿದ ಹಳೆಯ ಪತ್ರಿಕೆಯ ಮೇಲೆ ಎರಡು ಬಿಲ್ಲೆ, ಒಂದು ಬೋಲ್ಟು.

ಮ್ಯಾನೇಜರ್ ಮುಖ ಅರಳಿತು. "ನೋಡಿದ್ರಾ? ನಾನು ಅಸಡ್ಡೆ ಅಂತ ಬರೆದು ಕರುಣೆ ತೋರಿಸ್ದೆ. ಇದು ಗಂಡ ಹೆಂಡ್ತಿ ಸೇರಿ ಮಾಡಿದ ಕೊಲೆ!"

"ಸ್ವಲ್ಪ ಸುಮ್ನಿರಿ," ಇನ್ಸ್‌ಪೆಕ್ಟರ್ ಚಾಲಕನ ಮುಂದೆ ನಿಂತರು. "ಹೇಳಪ್ಪಾ. ಈ ಫಿಲ್ಮ್ ನಿಂದಾ?"

ಚಾಲಕ ಬಿಲ್ಲೆಯನ್ನೂ ತನ್ನ ಮಣಿಕಟ್ಟಿನ ಕಲೆಯನ್ನೂ ನೋಡಿದ. "ನಂದೇ ಸಾರ್."

"ಎಲ್ಲಿಟ್ಟಿದ್ದೆ?"

"ಹೋದ ತಿಂಗಳು ಕೈ ನೋಯ್ತಿದೆ ಅಂತ ಆಸ್ಪತ್ರೆಗೆ ತಗೊಂಡು ಹೋಗಿದ್ದೆ. ವಾಪಸ್ ತರೋದು ಮರೆತೆ. ಅಲ್ಲೇ ಬಿಟ್ಟೆ... ಗುಳಿಗೆ ಮಾಮನ ಮೇಜಿನ ಮೇಲೆ."

"ಚೆನ್ನಾಗಿದೆ!" ಮ್ಯಾನೇಜರ್ ಚಪ್ಪಾಳೆ ತಟ್ಟಿದರು. "ಸತ್ತೋರ ಮೇಲೆ ಹಾಕಿಬಿಟ್ರೆ ಕೇಳೋರ್ಯಾರು? ಅವರೇ ಬಂದು ಸಾಕ್ಷಿ ಹೇಳ್ತಾರಾ?"

"ಹೇಳ್ತಾರೆ," ಎಂದಳು ಪಾನಕ್ಕ.

ಅವಳು ಬೋಲ್ಟನ್ನು ಕೈಗೆತ್ತಿಕೊಂಡಿದ್ದಳು. ಕೆಳಗೆ ಗಾಬರಿಯಲ್ಲಿ ಅವಳು ಅದರ ಬಿಳಿ ಪಟ್ಟಿಯನ್ನು ಸರಿಯಾಗಿ ನೋಡಿರಲಿಲ್ಲ. ಗಾಯಕ್ಕೆ ಹಚ್ಚುವ ಪ್ಲಾಸ್ಟರು. ಸುತ್ತು ಸುತ್ತಿಗೂ ಒಂದೇ ಅಳತೆ, ಒಂದು ಎಳೆಯೂ ಆಚೆ ಈಚೆ ಇಲ್ಲ. ಕೊನೆಯಲ್ಲಿ ತುದಿಯನ್ನು ಮಡಚಿ, ಹಿಡಿದು ಎಳೆಯಲು ಅನುಕೂಲವಾಗುವಂತೆ ಸಣ್ಣದೊಂದು ಕಿವಿ ಮಾಡಿತ್ತು.

"ಈ ಕಿವಿ ನೋಡಿ. ಪ್ಲಾಸ್ಟರ್ ಕೀಳುವಾಗ ನೋವಾಗಬಾರದು ಅಂತ ಹೀಗೆ ತುದಿ ಮಡಚೋರು ದ್ವೀಪದಲ್ಲಿ ಒಬ್ಬರೇ. ಮ್ಯಾನೇಜರ್ ಸಾರ್, ನಿಮಗೂ ಹಚ್ಚಿದಾರೆ. ಹೋದ ವರ್ಷ ಕಾಲಿಗೆ ಮೊಳೆ ಚುಚ್ಚಿದಾಗ."

ಮ್ಯಾನೇಜರ್ ತಮ್ಮ ಕಾಲಿನತ್ತ ನೋಡಿಕೊಂಡರು.

"ಬೋಟ್ ಕೆಡಿಸೋಕೆ ವೈರು ಕತ್ತರಿಸಿದ್ರೆ ಸಾಕಿತ್ತು," ಅವಳು ಮುಂದುವರಿಸಿದಳು. "ಡೀಸೆಲ್‌ಗೆ ನೀರು ಹಾಕಬಹುದಿತ್ತು. ಇದನ್ನ ಮಾಡಿದೋರಿಗೆ ಎಂಜಿನ್ ಹಾಳಾಗೋದು ಬೇಡ. ಕೆಲವು ಗಂಟೆ ನಿಂತ್ರೆ ಸಾಕು, ಆಮೇಲೆ ತಾವೇ ಬಂದು ಬಿಚ್ಚಬೇಕು ಅಂತ ಇದ್ದೋರು. ಮಾಮನೇ ಬೋಟ್ ನಿಲ್ಸಿದ್ದು."

ಚಾಲಕ ಬೆಂಚಿನ ಮೇಲೆ ಕುಸಿದು ಕೂತ. ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ.

"ಏನಾಯ್ತು ರೀ?"

"ಅವರು ಇಲ್ಲೇ ಮಲಗಿದ್ರು ಕಣೇ. ಮಾತು ನಿಂತುಹೋಗಿತ್ತು. ಬೆರಳು ಮಾತ್ರ ಎಂಜಿನ್ ಕೋಣೆ ಕಡೆ ತೋರಿಸ್ತಾನೇ ಇದ್ರು. ತೋರಿಸ್ತಾನೇ ಇದ್ರು. ಬೇಗ ಹೊರಡು ಅಂತಿದಾರೆ ಅಂದ್ಕೊಂಡೆ. 'ಆಯ್ತು ಮಾಮ, ಈಗ ಆಗುತ್ತೆ' ಅಂತ ಬಟನ್ ಒತ್ತಿದೆ. ಕೆಳಗೆ ಇಳಿದು ನೋಡ್ದೆ ಕೂಡ. ಎಲ್ಲ ಬಿಗಿಯಾಗಿತ್ತು. ಮತ್ತೆ ಬಂದು ಒತ್ತಿದೆ..."

ಪಾನಕ್ಕ ಗಂಡನ ತಲೆಯ ಮೇಲೆ ಕೈಯಿಟ್ಟಳು. ಗ್ರೀಸು ಮೆತ್ತಿದ ಕೈ. ಅವನು ಅದನ್ನು ಹಿಡಿದುಕೊಂಡ.

ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದರು. "ತನಗೇ ಎದೆ ನೋವು ಬರುತ್ತೆ ಅಂತ ಅವರಿಗೆ ಗೊತ್ತಿರ್ಲಿಲ್ಲ. ಅಂದ್ರೆ ಬೋಟ್ ನಿಲ್ಸಿದ್ದು ಬೇರೆ ಯಾರನ್ನೋ ತಡೆಯೋಕೆ. ಹನ್ನೊಂದೂವರೆ ಟ್ರಿಪ್ಪಿಗೆ ಯಾರಿದ್ರು?"

"ಯಾರೂ ಇರ್ಲಿಲ್ಲ," ಮ್ಯಾನೇಜರ್ ತಟ್ಟನೆ ಹೇಳಿದರು. "ಒಂದೂ ಟಿಕೆಟ್ ಹೋಗಿಲ್ಲ."

"ಟಿಕೆಟ್ ತಗೊಂಡಿರ್ಲಿಲ್ಲ," ಚಾಲಕ ತಲೆ ಎತ್ತಿದ. ಇನ್ಸ್‌ಪೆಕ್ಟರ್ ಕಡೆ ನೋಡಲಿಲ್ಲ, ಹೆಂಡತಿಯ ಕಡೆ ನೋಡಿದ. "ನಮ್ಮ ಮನೆಯವರ ಹತ್ರ ಟಿಕೆಟ್ ಯಾಕೆ ಕೇಳ್ಲಿ? ಆಗ್ಲೇ ಬಂದು ಕೂತಿದ್ರು. ಯಾರಿಗೂ ಹೇಳ್ಬೇಡಿ ಅಂತ ಕೈ ಹಿಡ್ಕೊಂಡ್ರು. ನಿನಗೂ ಹೇಳ್ಬಾರ್ದು ಅಂತ."

"ಯಾರು?"

"ಅತ್ತೆ."

ಪಾನಕ್ಕನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಗಂಡ ಅತ್ತೆ ಎನ್ನುತ್ತಿದ್ದದ್ದು ಒಬ್ಬರನ್ನೇ. ಇವಳ ಅಮ್ಮನನ್ನು. ಆಸ್ಪತ್ರೆಯಲ್ಲಿ ಮೂವತ್ತು ವರ್ಷದಿಂದ ನರ್ಸ್ ಆಗಿದ್ದ, ಗುಳಿಗೆ ಮಾಮ ಅಕ್ಕ ಎಂದು ಕರೆಯುತ್ತಿದ್ದ ಅಮ್ಮನನ್ನು. ಮೂರು ದಿನದಿಂದ ಅಮ್ಮ ತುಟಿ ಹೊಲಿದುಕೊಂಡವಳಂತೆ ಇದ್ದಳು. ದುಃಖ ಎಂದುಕೊಂಡಿದ್ದಳು ಇವಳು.

ಪಾನಕ್ಕ ಎಂಜಿನ್ ಕೋಣೆಗೆ ಇಳಿದಳು. ಉಪ್ಪು ಕಾಗದದಿಂದ ತಾಮ್ರದ ಬಳೆಯನ್ನೂ ಎಂಜಿನ್ನಿನ ಲೋಹವನ್ನೂ ಮಿರಮಿರ ಮಿಂಚುವವರೆಗೆ ತಿಕ್ಕಿದಳು. ಬೇರೆ ಬೋಲ್ಟು ಹಾಕಿ ಬಿಗಿದಳು. ತಿಕ್ಕುವಾಗ ಕಣ್ಣಿಂದ ನೀರು ಇಳಿದದ್ದನ್ನು ತೋಳಿನಿಂದ ಒರೆಸಿಕೊಂಡಳು. ಅಮ್ಮನನ್ನು ಏನು ಕೇಳಬೇಕು, ಹೇಗೆ ಕೇಳಬೇಕು, ಒಂದೂ ತೋಚಲಿಲ್ಲ. ಕೈಗೆ ಗೊತ್ತಿದ್ದ ಕೆಲಸವನ್ನು ಕೈ ಮಾಡಿತು.

"ಒತ್ತಿ."

ಟಿಕ್ ಎನ್ನಲಿಲ್ಲ. ಸ್ಟಾರ್ಟರ್ ಕಿರ್ರೆಂದು ಹಲ್ಲು ಕಚ್ಚಿತು, ಎಂಜಿನ್ ಎರಡು ಸಲ ಮಗ್ಗುಲು ಬದಲಿಸಿತು, ಮೂರನೆಯ ಸಲ ಗುಡುಗಿತು. ಹಲಗೆಗಳೆಲ್ಲ ಅದುರಿದವು. ಜೆಟ್ಟಿಯ ಮೇಲೆ ಬಲೆ ಬಿಡಿಸುತ್ತಿದ್ದವರು ಎದ್ದು ನಿಂತರು. ಆ ಸದ್ದು ದಿಬ್ಬ ಹತ್ತಿ ಆಸ್ಪತ್ರೆಯವರೆಗೂ ಹೋಯಿತು.

ಹತ್ತು ನಿಮಿಷವೂ ಆಗಿರಲಿಲ್ಲ. ಬಿಳಿ ಸೀರೆಯ ಮೇಲೆ ಸ್ವೆಟರು ಹಾಕಿದ್ದ ಒಬ್ಬ ಮುದುಕಿ, ಬಟ್ಟೆಯ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ಜೆಟ್ಟಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಬಂದರು.

"ರಿಪೇರಿ ಆಯ್ತಾ ಮಗಳೇ?"

"ಆಯ್ತಮ್ಮ."

"ಹಾಗಾದ್ರೆ ಆಚೆ ದಡಕ್ಕೆ ಬಿಡಿ. ಇನ್ಸ್‌ಪೆಕ್ಟ್ರೇ, ನೀವೂ ಬನ್ನಿ. ಈ ಜಾಗದಲ್ಲಿ ನಾನು ಬಾಯಿ ಬಿಡಲ್ಲ."

ಮ್ಯಾನೇಜರ್ ಮುಖ ಹುಳ್ಳಗಾಯಿತು. ಚೀಲವನ್ನೇ ನೋಡುತ್ತಿದ್ದರು. ಮರುಕ್ಷಣ ಚಕ್ರದ ಹತ್ತಿರ ಧಾವಿಸಿ, ಎಂಜಿನ್ ಆರಿಸುವ ಹಿಡಿ ಎಳೆದು, ಕೀಯನ್ನು ಕಿತ್ತು ನೀರಿಗೆ ಎಸೆದರು. ಅದು ಬುಳುಕ್ ಎಂದು ಮುಳುಗಿತು.

"ಇದು ಕಂಪನಿ ಬೋಟು. ನನ್ನ ಅಪ್ಪಣೆ ಇಲ್ದೆ ಒಂದಡಿ ಕದಲೋ ಹಾಗಿಲ್ಲ. ನೋಡೋಣ, ಹೇಗೆ ಹೋಗ್ತೀರೋ!"

"ಹೀಗೆ," ಎಂದಳು ಪಾನಕ್ಕ.

ಕೆಳಗಿಳಿದು, ಮರದ ಹಿಡಿಯ ದೊಡ್ಡ ಸ್ಕ್ರೂಡ್ರೈವರನ್ನು ಸ್ಟಾರ್ಟರಿನ ಹಿಂಬದಿಯ ಎರಡು ತಿರುಪುಗಳ ಮೇಲೆ ಅಡ್ಡ ಇಟ್ಟಳು. ನೀಲಿ ಕಿಡಿ ಚಿಮ್ಮಿತು. ಎಂಜಿನ್ ಮೊದಲ ಸುತ್ತಿಗೇ ಎದ್ದಿತು.

"ಕೀ ಬೇಕಾಗಿರೋದು ನಿಮ್ಮಂಥೋರಿಗೆ ಸಾರ್," ಕೆಳಗಿನಿಂದಲೇ ಕೂಗಿದಳು. "ಬರ್ತೀರಾ, ಇಳೀತೀರಾ?"

ಮ್ಯಾನೇಜರ್ ಜೆಟ್ಟಿಗೆ ಹಾರಿದರು. ಇಸ್ತ್ರಿ ಪ್ಯಾಂಟಿನ ಮೊಣಕಾಲು ಹಲಗೆಗೆ ಉಜ್ಜಿತು. ಎದ್ದವರೇ ಕಿವಿಗೆ ಫೋನ್ ಹಚ್ಚಿಕೊಂಡದ್ದನ್ನು ದೂರ ಸರಿಯುತ್ತಿದ್ದ ಬೋಟಿನಿಂದ ಇನ್ಸ್‌ಪೆಕ್ಟರ್ ನೋಡಿದರು.

ದ್ವೀಪ ಹಿಂದೆ ಬಿದ್ದ ಮೇಲೆ ನರ್ಸಮ್ಮ ಚೀಲ ಬಿಚ್ಚಿದರು. ಹತ್ತಿಯಲ್ಲಿ ಸುತ್ತಿದ ಆರು ಸಣ್ಣ ಗಾಜಿನ ಬಾಟಲಿಗಳು. ಹೃದಯಾಘಾತಕ್ಕೆ ಕೊಡುವ ಇಂಜೆಕ್ಷನ್.

"ಇದ್ರಲ್ಲಿ ಬರೀ ನೀರಿದೆ," ಎಂದರು. "ಎಂಟು ತಿಂಗಳಿಂದ ಹೀಗೇ ಬರ್ತಿದೆ. ಕಂಪನಿ ಬೋಟಲ್ಲೇ ಬರುತ್ತೆ. ನಾನೂ ಅವನೂ ಸೇರಿ ಕಂಡುಹಿಡಿದ್ವಿ. ಬುಧವಾರ ಅವನು ನಿಮ್ಮ ಹತ್ರ ಬರೋನಿದ್ದ. ಸೋಮವಾರ ನನಗೊಂದು ಫೋನ್ ಬಂತು. 'ನಾನು ಪೊಲೀಸ್ ಕಚೇರಿಯಿಂದ. ವಿಷಯ ಗೊತ್ತಾಗಿದೆ. ಬಾಟಲಿಗಳನ್ನ ನೀವೇ ಮಂಗಳವಾರ ತನ್ನಿ. ಕಾಂಪೌಂಡರಿಗೂ ಹೇಳ್ಬೇಡಿ' ಅಂತ. ನಂಬಿ ಹೊರಟೆ."

"ಮಾಮಂಗೆ ಹೇಗೆ ಗೊತ್ತಾಯ್ತು?" ಪಾನಕ್ಕ ಕೇಳಿದಳು.

"ಬೀರುವಿನಲ್ಲಿ ನಾವು ಬಚ್ಚಿಟ್ಟಿದ್ದ ಬಾಟಲ್ ಇರ್ಲಿಲ್ಲ. ನನ್ನ ಚೀಲ ನೋಡಿ ಕೇಳ್ದ, ಫೋನ್ ಬಂದದ್ದು ಹೇಳ್ಬೇಕಾಯ್ತು. ನನ್ನ ಹಟ ಅವನಿಗೆ ಗೊತ್ತಲ್ಲ, ಮಾತಲ್ಲಿ ತಡೆಯೋಕಾಗಲ್ಲ ಅಂತ ಮೊದ್ಲು ಬೋಟ್ ನಿಲ್ಸಿದಾನೆ. ಆಮೇಲೆ ಆ ಫೋನ್ ನಂಬರನ್ನ ವಿಚಾರಿಸೋಕೆ ಹೋಗಿ, ಜೆಟ್ಟಿಗೆ ಓಡಿ ಬಂದ. 'ಹೋಗ್ಬೇಡ ಅಕ್ಕ, ಅದು ಕಚೇರಿ ನಂಬರೇ ಅಲ್ಲ, ಅಲ್ಲಿ ಕಾಯ್ತಿರೋನು ಪೊಲೀಸ್ ಅಲ್ಲ' ಅಂದ. ಅಷ್ಟೇ. ಎದೆ ಹಿಡ್ಕೊಂಡು ಬಿದ್ದ." ನರ್ಸಮ್ಮ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದರು. ಕಣ್ಣು ಕೆಂಪಾಗಿತ್ತು. "ಡಾಕ್ಟ್ರು ಓಡಿ ಬಂದು ಅವನಿಗೆ ಚುಚ್ಚಿದ್ದು ಇದೇ ಪೆಟ್ಟಿಗೆಯ ಔಷಧಿ. ನೀರು. ನನ್ನ ಕಣ್ಣ ಮುಂದೆ."

ಇನ್ಸ್‌ಪೆಕ್ಟರ್ ಏನೋ ಹೇಳಲು ಹೊರಟಾಗ ಅವರ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಪರದೆ ನೋಡಿದರು. ಅವರ ಸಾಹೇಬರು. ಎಂಜಿನ್ ಸದ್ದಿನಲ್ಲಿ ಕೇಳಿಸಲೆಂದು ಸ್ಪೀಕರ್ ಒತ್ತಿದರು.

"ಏನ್ರಿ, ಹೊರಟ್ರಾ? ನಾನೇ ಜೆಟ್ಟಿ ಹತ್ರ ಬಂದಿದೀನಿ, ಕಾಯ್ತಿದೀನಿ. ಆ ನರ್ಸಮ್ಮನ್ನ ಜೋಪಾನವಾಗಿ ಕರ್ಕೊಂಡು ಬನ್ನಿ. ಅವರ ಚೀಲಾನೂ."

ಕರೆ ಕಡಿಯಿತು.

ನರ್ಸಮ್ಮನ ಬೆರಳುಗಳು ಮಗಳ ತೋಳಿನಲ್ಲಿ ಉಗುರು ಊರುವಷ್ಟು ಬಿಗಿದಿದ್ದವು. "ಇದೇ ದನಿ," ಎಂದರು. "ಸೋಮವಾರ ಮಾತಾಡಿದ್ದು ಇದೇ ದನಿ."

ಇನ್ಸ್‌ಪೆಕ್ಟರ್ ಕಪ್ಪಾದ ಪರದೆಯನ್ನೇ ನೋಡುತ್ತಿದ್ದರು. ಇವತ್ತು ದ್ವೀಪಕ್ಕೆ ಹೋಗುತ್ತಿದ್ದೇನೆಂದು ಅವರು ಸಾಹೇಬರಿಗೆ ತಿಳಿಸಿರಲಿಲ್ಲ. ಚೀಲದ ಮಾತು ತಮಗೇ ಗೊತ್ತಾಗಿ ಕಾಲು ಗಂಟೆಯೂ ಆಗಿರಲಿಲ್ಲ.

ಆಚೆ ದಡ ಈಗ ಸ್ಪಷ್ಟವಾಗಿತ್ತು. ಜೆಟ್ಟಿಯ ತುದಿಯಲ್ಲಿ ಒಂದು ಬಿಳಿ ಜೀಪು. ಅದರ ಪಕ್ಕ ಖಾಕಿಯ ನಾಲ್ಕೈದು ಚುಕ್ಕೆಗಳು. ಒಂದು ಚುಕ್ಕೆ ಕೈ ಬೀಸುತ್ತಿತ್ತು.

"ತಿರುಗಿಸ್ಲಾ?" ಚಾಲಕ ಚಕ್ರ ಹಿಡಿದು ಕೇಳಿದ. "ವಾಪಸ್ ಹೋದ್ರೆ ಮ್ಯಾನೇಜರ್ ಇದಾನೆ. ಮುಂದೆ ಇವರು. ಡೀಸೆಲ್ ಬೇರೆ ಇರೋದು ಒಂದೇ ಕಡೆಗೆ."

ಪಾನಕ್ಕ ಅಮ್ಮನನ್ನು ನೋಡಿದಳು. ಮುದುಕಿ ಬಾಟಲಿಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ, ಚೀಲಕ್ಕಲ್ಲ, ತನ್ನ ಸ್ವೆಟರಿನ ಒಳಗೆ ಸೇರಿಸುತ್ತಿದ್ದರು. ಸೇರಿಸಿ ಗುಂಡಿ ಹಾಕಿಕೊಂಡರು. ಖಾಲಿ ಚೀಲವನ್ನು ಮೊದಲಿನಂತೆಯೇ ಹೊಟ್ಟೆಗೆ ಅವುಚಿಕೊಂಡು ಎದ್ದು ನಿಂತರು.

"ಅಳಿಯಂದ್ರೇ," ಎಂದರು, "ಎಂಜಿನ್ ಚೆನ್ನಾಗಿ ಓಡ್ತಿದೆ. ವೇಗ ಜಾಸ್ತಿ ಮಾಡಿ. ಅವನಿಗೆ ಬೇಕಾಗಿರೋದು ಚೀಲ ತಾನೇ, ನೇರ ಅವನ ಮುಂದಕ್ಕೇ ಬಿಡಿ."